ಯಾರೂ ಇಲ್ಲದ ಅರಮನೆ

ಸ್ನೇಹಿತರೇ, ಇವತ್ತು ಇಲ್ಲಿ ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ, ಕನ್ನಡದವರೊಬ್ಬರ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ನನ್ನ ಫ್ರಾನ್ಸ್ ಫೋಟೋಗಳನ್ನು ಟಿವಿಯಲ್ಲಿ ತೋರಿಸಿದೆ. ಹಳೆಯ ಅರಮನೆ, ಅದರ ತೋಟ, ಪಕ್ಕದ ಹಳೇ ಪೇಟೆಯ ಕಲ್ಲುಹಾಸಿನ ಬೀದಿ. ಒಬ್ಬ ಪ್ರವಾಸಿಯೂ ಅಡ್ಡ ಬರಬಾರದೆಂದು ಬೆಳಕು ಹರಿಯುವ ಮೊದಲೇ ಹೋಗಿ ಕಾದು, ಚಳಿಯಲ್ಲಿ ನಡುಗುತ್ತಾ ತೆಗೆದವು.

ಆ ಮನೆಯ ಅಂಕಲ್ ಕೇಳಿದರು: "ಯಾರೂ ಇಲ್ವಲ್ಲಮ್ಮ, ಅವತ್ತು ಕ್ಲೋಸ್ ಆಗಿತ್ತಾ?"

ಆಂಟಿ ಸೇರಿಸಿದರು: "ನೀನೆಲ್ಲಿದ್ದೀಯ ಇದ್ರಲ್ಲಿ? ಬರೀ ಗೋಡೆ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಕೊನೆಯ ಫೋಟೋ ಬಂತು. ಅರಮನೆಯ ಪಾರ್ಕಿಂಗ್ ಲಾಟಿನಲ್ಲಿ ನಾನು, ಕೈಯಲ್ಲಿ ಡಬ್ಬಿ, ಬಾಯಿತುಂಬ ಚಿತ್ರಾನ್ನ.

"ಇದಪ್ಪಾ ಫೋಟೋ ಅಂದ್ರೆ! ಗ್ರೂಪಿಗೆ ಹಾಕಮ್ಮ," ಅಂಕಲ್ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದನ್ನು ತೆಗೆದದ್ದು ನನ್ನ ಗಂಡ. ಕ್ಯಾಮೆರಾ ಆನ್ ಆಗಿದೆಯೋ ಇಲ್ಲವೋ ಎಂದು ನೋಡಲು ಸುಮ್ಮನೆ ಒತ್ತಿದ್ದರಂತೆ.