ನಮ್ಮದೇ ನಂಬರು

ನಮ್ಮ ಲಾಂಡ್ರಿಯಲ್ಲಿ ಅವಳಿಗೆ ಮಡಿಕೆ ಅಕ್ಕ ಎಂದು ಹೆಸರಿಟ್ಟವಳು ನಾನೇ. ಹೋಟೆಲುಗಳಿಂದ ಬರುವ ದೊಡ್ಡ ಬೆಡ್‌ಶೀಟುಗಳನ್ನು ಒಬ್ಬರೇ ಮಡಿಚಲಾಗುವುದಿಲ್ಲ. ಐದು ವರ್ಷದಿಂದ ಆ ತುದಿ ಅವಳದು, ಈ ತುದಿ ನನ್ನದು. ಅಂಚಿಗೆ ಅಂಚು ಕೂಡದಿದ್ದರೆ ಬಿಡುವವಳಲ್ಲ. “ಮತ್ತೆ ಬಿಚ್ಚೇ. ಇದರ ಮೇಲೆ ಮಲಗೋರು ದುಡ್ಡು ಕೊಟ್ಟು ಮಲಗ್ತಾರೆ, ನಮ್ಮ ಹಾಗೆ ಗೊರಕೆ ಹೊಡೆಯೋಕಲ್ಲ” ಎನ್ನುವಳು. ನಗಿಸುವುದರಲ್ಲಿ ಎತ್ತಿದ ಕೈ. ಅವಳು ಅತ್ತದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಮಗಳು ಬಸುರಿ ಎಂಬ ಸುದ್ದಿ ಬಂದ ದಿನ.

ಮಗಳ ಚೊಚ್ಚಲ ಹೆರಿಗೆಗೆ ಊರಿಗೆ ಹೋಗಬೇಕು, ಅಷ್ಟೇ ಅವಳ ಆಸೆ. ಹೋಗಲು ಪಾಸ್‌ಪೋರ್ಟ್ ಬೇಕು. ಅದು ನಮ್ಮೆಲ್ಲರ ಪಾಸ್‌ಪೋರ್ಟುಗಳ ಜೊತೆ ಮೇಸ್ತ್ರಿಯ ಕಬ್ಬಿಣದ ಕಪಾಟಿನಲ್ಲಿತ್ತು. ಮೇಸ್ತ್ರಿ ನಮ್ಮ ಭಾಷೆಯವನೇ; ನಮ್ಮನ್ನು ಈ ದೇಶಕ್ಕೆ ಕರೆತಂದವನೂ ಅವನೇ. ಬಾಯಿ ಬಿಟ್ಟರೆ ಜೇನು. “ಕಳ್ಕೊಂಡ್ರೆ ನಿಮಗೇ ಕಷ್ಟ ಅಂತ ಜೋಪಾನ ಮಾಡಿದೀನಮ್ಮ. ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು, ಆಮೇಲೆ ರಜದ ಮಾತಾಡೋಣ” ಎಂದು ಎರಡು ತಿಂಗಳಿಂದ ರಾಗ ಎಳೆಯುತ್ತಿದ್ದ. ಅವಳ ಕೆಲಸದ ಪರವಾನಗಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಸಹಿ ಹಾಕಿದರೆ ಮೂರು ವರ್ಷ ಅಲ್ಲಾಡುವ ಹಾಗಿಲ್ಲ. ಹಾಕದಿದ್ದರೆ ಪೊಲೀಸರಿಗೆ ಹೆದರಿಕೊಂಡು ಬದುಕಬೇಕು.

ಭಾನುವಾರ ನಾನೇ ಅವಳನ್ನು ಕಾನೂನು ನೆರವಿನ ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಹಿಂದೊಮ್ಮೆ ಹೋದಾಗ ಅಲ್ಲಿ ಯಾರಿಗೂ ನಮ್ಮ ಮಾತು ತಿಳಿಯದೆ, ಕೈಸನ್ನೆ ಮಾಡಿ ಸುಸ್ತಾಗಿ ಬಂದಿದ್ದೆವು. ಈಗ ಕೃತಕ ಬುದ್ಧಿಯ ಕಂಪ್ಯೂಟರ್ ಇಟ್ಟಿದ್ದಾರೆ, ಕನ್ನಡದಲ್ಲೇ ಮಾತಾಡುತ್ತದೆ ಎಂದು ಕೆಳಗಿನ ಕೋಣೆಯ ಅಡುಗೆಯವನು ಹೇಳಿದ್ದ. ಅವನ ಮಾತಿನಲ್ಲಿ ಅರ್ಧ ಬುರುಡೆ ಎಂದುಕೊಂಡಿದ್ದೆ. ನಿಜವಾಗಿಯೂ ಮಾತಾಡಿತು.

“ನಮಸ್ಕಾರ. ನಿಮಗೇನು ತೊಂದರೆ ಆಗಿದೆ?”

“ತೊಂದರೆ ಏನಿಲ್ಲಪ್ಪಾ, ಎಲ್ಲಾ ಚೆನ್ನಾಗಿದೆ” ಎಂದಳು ಅಕ್ಕ, ನೆಂಟರ ಮನೆಗೆ ಬಂದವಳಂತೆ. ನಾನು ಮೇಜಿನಡಿ ಅವಳ ಕಾಲು ತುಳಿದೆ. ಆಮೇಲೆ ಒಂದೊಂದಾಗಿ ಹೊರಬಂತು. ಅದು ಅವಸರಪಡಿಸಲಿಲ್ಲ, ಅವಳು ತಡವರಿಸಿದಾಗ ಕಾಯಿತು. ಪಾಸ್‌ಪೋರ್ಟನ್ನು ಬೇರೆಯವರು ಇಟ್ಟುಕೊಳ್ಳುವುದು ಇಲ್ಲಿ ಅಪರಾಧ ಎಂದಿತು. ತಿಂಗಳ ಕೊನೆಯೊಳಗೆ ಅರ್ಜಿ ಹಾಕಿದರೆ ಊರಿಗೆ ಹೋಗಿ ಬಂದು ಬೇರೆ ಕಡೆ ಕೆಲಸ ಹಿಡಿಯಬಹುದಂತೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ವಕೀಲರ ಭೇಟಿಯನ್ನೂ ಗೊತ್ತುಮಾಡಿತು.

“ಐದು ವರ್ಷ ಯಾರೂ ಇದನ್ನ ಹೇಳಲಿಲ್ವಲ್ಲೇ” ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು.

“ಈ ವಿವರ ಯಾವ ನಂಬರಿಗೆ ಕಳುಹಿಸಲಿ?” ಎಂದು ಕೇಳಿತು. ಅಕ್ಕ ಒಂದೇ ಉಸಿರಿಗೆ ಹೇಳಿದಳು. “ಇದು ನಿಮ್ಮದೇ ನಂಬರಾ?” ಎಂದಿತು ಕಂಪ್ಯೂಟರ್.

“ಹ್ಞೂಂ, ನಮ್ಮದೇ.”

ಅದು ಮೇಸ್ತ್ರಿಯ ನಂಬರು. ಪಾಸ್‌ಪೋರ್ಟ್ ಇಲ್ಲದೆ ಇಲ್ಲಿ ಸಿಮ್ ಕೊಡುವುದಿಲ್ಲ. ಹಾಗಾಗಿ ಬ್ಯಾಂಕಿಗೆ, ಆಸ್ಪತ್ರೆಗೆ, ಎಲ್ಲಿ ಹೋದರೂ ನಾವೆಲ್ಲ ಅದನ್ನೇ ಕೊಡುತ್ತಿದ್ದೆವು. ಬಾಯಿಪಾಠವಾಗಿಬಿಟ್ಟಿತ್ತು. ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ. ನನ್ನ ತಲೆಗಿಷ್ಟು ಬೆಂಕಿ ಬೀಳಲಿ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಫೋನ್ ಹಿಡಿದು ನಮ್ಮ ಮೇಜಿನ ಬಳಿ ಬಂದ. ಈ ದೇಶದ ಭಾಷೆಯಲ್ಲಿ ಬಂದ ಕಾಗದವಾದರೆ ಅವನು ಗುಮಾಸ್ತನಿಂದ ಓದಿಸಬೇಕು. ಇದು ಅಚ್ಚ ಕನ್ನಡದಲ್ಲಿತ್ತು. ಮೆಲ್ಲಗೆ, ಒಂದಕ್ಷರ ಬಿಡದೆ ಓದಿದ. ಬೈಯಲಿಲ್ಲ.

“ಗುರುವಾರ ಹತ್ತು ಗಂಟೆಗೆ ನಿನಗಿಲ್ಲಿ ಕೆಲಸ ಇದೆಯಲ್ಲಮ್ಮ. ಜೊತೆಗೆ ಯಾರು ಬಂದಿದ್ರು?”

“ಯಾರೂ ಇಲ್ಲ. ಒಬ್ಬಳೇ ಹೋಗಿದ್ದೆ” ಎಂದಳು ಅಕ್ಕ. ಬಟ್ಟೆಯ ಈ ತುದಿ ಹಿಡಿದಿದ್ದ ನಾನು ತಲೆ ಎತ್ತಲಿಲ್ಲ.

ಬುಧವಾರ ಅವಳು ಕೇಳಿದಳು, “ನಾಳೆ ನಿನಗೆ ರಜ ಅಲ್ವೇನೇ? ನನಗೆ ಬರೋಕಾಗ್ಲಿಲ್ಲ ಅಂತ ಒಂದು ಮಾತು ಹೇಳಿ ಬಾರೆ. ಬೇರೆ ದಿನ ಕೊಡಬಹುದು.” ಆಗಲಿ ಅಕ್ಕ ಎಂದೆ.

ಗುರುವಾರ ಚಪ್ಪಲಿ ಮೆಟ್ಟಿ ಮೂಲೆಯ ಔಷಧಿ ಅಂಗಡಿಯವರೆಗೆ ಹೋದೆ. ಅಲ್ಲಿಂದ ಕೇಂದ್ರಕ್ಕೆ ಹತ್ತೇ ನಿಮಿಷ. ಆ ಕಪಾಟಿನಲ್ಲಿ ನನ್ನದೂ ಇದೆಯಲ್ಲ ಎಂದು ನೆನಪಾಯಿತು. ಹಿಂದಿರುಗಿ ಬಂದು ಹೊದ್ದು ಮಲಗಿದೆ.

ಮರುದಿನ ಬಟ್ಟೆ ಮಡಿಚುವಾಗ ಅವಳ ಮುಖ ನೋಡಲಾರದೆ, “ಹೇಳಿದೆ ಅಕ್ಕ. ಬೇರೆ ದಿನ ನೋಡಿ ಫೋನ್ ಮಾಡ್ತಾರಂತೆ” ಎಂದುಬಿಟ್ಟೆ.

“ಯಾವ ನಂಬರಿಗೆ?” ಎಂದಳು ಅಕ್ಕ.

ನಾನು ಬಟ್ಟೆಯ ಅಂಚಿಗೆ ಅಂಚು ಕೂಡಿಸತೊಡಗಿದೆ. ಊಟದ ಹೊತ್ತಿಗೆ ಮೇಸ್ತ್ರಿಯ ಕೋಣೆಗೆ ಹೋಗಿ ಮೂರು ವರ್ಷಕ್ಕೆ ಸಹಿ ಹಾಕಿ ಬಂದಳು.