ಗೇರ್‌ಬಾಕ್ಸಿನ ಗಟ್ಟಿ ಆಯಿಲ್

ಹಳೆಯ ಪಿಕಪ್ ಕೊಳ್ಳಲು ಹೊರಟವರಿಗೆಲ್ಲ ನಾನು ಹೇಳುವುದಿಷ್ಟು. ಬೆಳಿಗ್ಗೆಯೇ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವನು ನಿಮಗಿಂತ ಮುಂಚೆ ಎದ್ದು ಏನನ್ನೋ ಮುಚ್ಚಿಟ್ಟಿದ್ದಾನೆ. ಆಮೇಲೆ ಬಟ್ಟೆ ಕೊಳೆಯಾದರೂ ಸರಿ, ಕೆಳಗೆ ಮಲಗಿ ಗೇರ್‌ಬಾಕ್ಸಿನ ಪಕ್ಕದ ಪ್ಲಗ್ ಬಿಚ್ಚಿ ಬೆರಳು ಹಾಕಿ. ಆಯಿಲ್ ತೂತಿನ ಅಂಚಿನಲ್ಲೇ ಸಿಗಬೇಕು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬೆರಳ ಮೇಲೆ ಕಬ್ಬಿಣದ ಚೂರು ಮಿನುಗಿದರೆ ಒಳಗೆ ಹಲ್ಲು ಮುರಿದಿದೆ. ಜೋನಿಬೆಲ್ಲದ ಹಾಗೆ ಎಳೆ ಬಂದರೆ, ಸವೆದ ಬೇರಿಂಗಿನ ಸದ್ದು ಅಡಗಿಸಲು ತೊಂಬತ್ತನೇ ನಂಬರಿನದರ ಬದಲು ನೂರನಲವತ್ತರ ಗಟ್ಟಿ ಆಯಿಲ್ ಹುಯ್ದಿದ್ದಾರೆ. ಗಾಡಿ ಚೆನ್ನಾಗಿ ಓಡಿ ಕಾದು, ಆಯಿಲ್ ತೆಳುವಾದ ಮೇಲೆಯೇ ಸದ್ದು ಹೊರಬರುವುದು.

ಈ ಕೊನೆಯದನ್ನು ನನಗೆ ಯಾರೂ ಕಲಿಸಲಿಲ್ಲ. ನಾನೇ ಹುಯ್ದು ಕಲಿತದ್ದು.

ನಮ್ಮದು ಕುಲುಮೆಯ ಮನೆ. ಶ್ರೀರಂಗಪಟ್ಟಣದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ತೊಳೆದುಕೊಂಡು ಶುರು ಮಾಡಿದವನು, ಹಳೆ ಗಾಡಿ ತೆಗೆದು ಮಾರುವ ಹಂತಕ್ಕೆ ಬಂದೆ. ನೆಂಟರಲ್ಲಿ ಯಾರೇ ಗಾಡಿ ನೋಡಲಿ, ಜೊತೆಗೆ ನಾನಿರಬೇಕು. ಮಾಕವಳ್ಳಿಯ ಹತ್ತಿರವಿರುವ ನನ್ನ ಬಾಮೈದನಿಗೆ ಸಕ್ಕರೆ ಕಾರ್ಖಾನೆಯ ಸೀಸನ್ ಕೆಲಸ ಬೇಸರವಾಗಿ, ಎಳನೀರು ಸಾಗಿಸಲು ಪಿಕಪ್ ಬೇಕೆನಿಸಿತು. ನಾಗಮಂಗಲದ ಒಂದು ಕಾಯಿ ಮಂಡಿಯಲ್ಲಿ ಗಾಡಿಯಿದೆ ಎಂದು ತಿಳಿದು, ನನ್ನನ್ನೂ ಕರೆದುಕೊಂಡು ಹೋದ.

ಬಾನೆಟ್ ಬೆಚ್ಚಗಿತ್ತು. ಗಾಡಿಗೆ ಹೊಸ ಬಣ್ಣ, ಹೊಸ ಬಂಪರು. ಮಾರುವವನು ನಲವತ್ತರ ಆಸುಪಾಸಿನವನು, ಲುಂಗಿ ಎತ್ತಿಕಟ್ಟಿ ಸುಮ್ಮನೆ ನಿಂತಿದ್ದ. ನಾನು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದೆ.

"ಏನ್ ಬಾವ, ಮಲ್ಗೇಬುಟ್ರಾ? ದಿಂಬು ಕೊಡ್ಲಾ?" ಎಂದ ಬಾಮೈದ.

"ಸುಮ್ಕಿರ್ಲಾ, ಬ್ಯಾಟ್ರಿ ಬುಡು ಇತ್ಲಾಗೆ."

ಬ್ಯಾಟರಿಯ ಬೆಳಕು ಪ್ಲಗ್ಗಿನ ಮೇಲೆ ಬಿತ್ತು. ಒಂದು ಮೂಲೆ ಸವೆದು, ಪಕ್ಕದಲ್ಲಿ ಎರಡು ಉಳಿ ಏಟು. ಅಳತೆ ತಪ್ಪಿದ ಸ್ಪ್ಯಾನರ್ ಹಾಕಿ ಮೂಲೆ ತಿಂದವನೂ ನಾನೇ, ಉಳಿಯಿಟ್ಟು ಬಡಿದು ಬಿಚ್ಚಿದವನೂ ನಾನೇ. ಈ ಗಾಡಿಯನ್ನು ಗಟ್ಟಿ ಆಯಿಲ್ ಹುಯ್ದು ಪಾಂಡವಪುರದಲ್ಲಿ ಮಾರಿದ್ದೆ. ನಂಬರು, ಮುಖ ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಬಿಚ್ಚಿ ಬೆರಳಿಟ್ಟೆ. ಎಳೆ ಬಂತು.

ಈಚೆ ಬಂದಾಗ ಬಾಮೈದ ಫೋನಿನಲ್ಲಿ ಮಾತಾಡುತ್ತ ಗೇಟಿನ ಕಡೆ ಹೋಗಿದ್ದ. ಮಾರುವವನು ಕೈ ಒರೆಸಿಕೊಳ್ಳಲು ನನಗೆ ಬಟ್ಟೆ ಕೊಟ್ಟ.

"ಗುರ್ತು ಸಿಕ್ತಾ ಅಣ್ಣ? ನಿಮ್ತಾವ್ಲೇ ತಗಂಡಿದ್ದು. ಆಮೇಕೆ ಎಷ್ಟ್ ಸಲ ಫೋನ್ ಮಾಡ್ದೆ, ಎತ್ಲೇ ಇಲ್ಲ ನೀವು."

ನಾನು ಬೆರಳಿಗಂಟಿದ ಎಳೆ ಒರೆಸಿಕೊಂಡೆ.

"ಒಳ್ಗೇನ್ ಉಯ್ದವ್ರೆ ಅಂತ ಮೆಕ್ಯಾನಿಕ್ಕು ಏಳ್ದ. ಗೇರ್‌ಬಾಕ್ಸ್ ಇಳ್ಸಕ್ಕೆ ನನ್ ಕೈಲಾಗ್ಲಿಲ್ಲ. ನಾನೂವೆ ಅದ್ನೇ ಉಯ್ದೆ. ನಿಮ್ದೇ ವಿದ್ಯೆ." ಆಮೇಲೆ ದನಿ ತಗ್ಗಿಸಿ, "ಈಗ ನೀವ್ ಏನೂ ಅನ್ಬ್ಯಾಡಿ, ಸುಮ್ಕಿದ್ಬುಡಿ. ಗಾಡಿ ಒಂಟೋಯ್ತದೆ. ನಂಗೂ ಬ್ಯಾರೆ ದಾರಿ ಇಲ್ಲ," ಎಂದ.

ದಾರಿಯೇನೋ ಇತ್ತು. ಗೇರ್‌ಬಾಕ್ಸ್ ಬಿಚ್ಚಿದರೆ ಸರಿಹೋಗುವ ವಸ್ತು. ಉಳಿದಂತೆ ಗಾಡಿ ಕಲ್ಲಿನಂತಿತ್ತು. ಇದ್ದದ್ದು ಹೇಳಿ, ಬೆಲೆ ಇಳಿಸಿ, ರಿಪೇರಿಗೆ ನಾನೇ ನಿಂತಿದ್ದರೆ ಇಬ್ಬರೂ ಬದುಕುತ್ತಿದ್ದರು. ಆದರೆ ಆಯಿಲಿನ ಮಾತೆತ್ತಿದರೆ ಅವನಿಗೆ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಬಾಮೈದನ ಎದುರಿಗೇ ನನ್ನ ಹೆಸರು ಹೇಳುತ್ತಾನೆ. ಹೆಂಡತಿಯ ತವರಿನಲ್ಲಿ ತಲೆಯೆತ್ತುವುದು ಹೇಗೆ?

"ಏನ್ ಬಾವ, ಮುಗಿಸ್ಬುಡವಾ?" ಬಾಮೈದ ಹತ್ತಿರ ಬಂದ. ಕಾಯಿ ಸುಲಿಯುವವರು, ಒಂದಿಬ್ಬರು ದಲ್ಲಾಳಿಗಳು ನಮ್ಮನ್ನೇ ನೋಡುತ್ತಿದ್ದರು.

"ಬ್ಯಾಡ ಕಣ್ಲಾ. ಚಾಸಿ ಬೆಂಡಾಗದೆ. ಎಲ್ಲೋ ಜೋರಾಗಿ ಒಡೆಸ್ಕಂಡದೆ."

ಹಾಗೇಕೆ ಅಂದೆನೋ! ಟಯರು ಎನ್ನಬಹುದಿತ್ತು, ಕಾಗದಪತ್ರ ಎನ್ನಬಹುದಿತ್ತು. ಬಾಮೈದ ಮರುಮಾತಾಡಬಾರದೆಂದು ಎಲ್ಲಕ್ಕಿಂತ ದೊಡ್ಡದನ್ನೇ ಹಿಡಿದೆ. ಗೇರ್‌ಬಾಕ್ಸ್ ಹೋದ ಗಾಡಿಗೆ ಗಿರಾಕಿ ಸಿಗುತ್ತಾನೆ, ಗಾಡಿಯ ಬೆನ್ನೆಲುಬಾದ ಚಾಸಿಯೇ ಬೆಂಡಾದದ್ದನ್ನು ಗುಜರಿಯವನಲ್ಲದೆ ಯಾರೂ ಮುಟ್ಟುವುದಿಲ್ಲ. ಮಾರುವವನು ಬಾಯಿ ತೆರೆದ, ಹಾಗೆಯೇ ಮುಚ್ಚಿದ. ನನ್ನ ಮೋಸ ಹೇಳಿದರೆ ತನ್ನದನ್ನೂ ಹೇಳಬೇಕಿತ್ತು. ಅದು ಗೊತ್ತಿದ್ದೇ ನಾನು ಧೈರ್ಯ ಮಾಡಿದ್ದು.

"ಅವತ್ತು ನನ್ ಜೊತೇಲೂ ನಿಮ್ಮಂತೋರು ಒಬ್ರು ಇರ್ಬೇಕಾಗಿತ್ತು ಅಣ್ಣ," ಎಂದಷ್ಟೇ ಹೇಳಿ ಮಂಡಿಯೊಳಗೆ ಹೋದ.

ಬಾಮೈದನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ದಾರಿಯುದ್ದಕ್ಕೂ, "ನೀವಿಲ್ದಿದ್ರೆ ಮುಳುಗೋಯ್ತಿದ್ದೆ ಬಾವ" ಎನ್ನುತ್ತಲೇ ಬಂದ. ಕೆ.ಆರ್. ಪೇಟೆಯಲ್ಲಿ ಕಂಡವರಿಗೆಲ್ಲ ಹೇಳಿದ. ದಲ್ಲಾಳಿಗಳು ನಾಗಮಂಗಲದಲ್ಲಿ ಹೇಳಿದರು. ಗಾಡಿ ಮಂಡಿಯಲ್ಲೇ ನಿಂತಿತು.

ಎರಡು ತಿಂಗಳ ಮೇಲೆ ಕೆ.ಆರ್. ಪೇಟೆಯಿಂದ ಗುರುತಿಲ್ಲದವನೊಬ್ಬ ಫೋನ್ ಮಾಡಿದ.

"ಅಣ್ಣ, ಆ ಮಂಡಿ ಗಾಡಿ ನೀವು ನೋಡಿದ್ರಂತೆ. ಚಾಸಿ ಬೆಂಡಾಗಿರೋದು ನಿಜ್ವಾ?"

ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ಆದರೆ ಇಲ್ಲ ಅಂದ ಮರುಕ್ಷಣವೇ, ಮತ್ತೆ ಯಾಕೆ ಹಾಗಂದಿರಿ ಎಂದು ಕೇಳುತ್ತಾನೆ.

"ನೋಡಪ್ಪ, ಯಾರ ಮಾತೂ ನಂಬಬಾರದು," ಎಂದು ಶುರು ಮಾಡಿದೆ. "ಒಂದು ದಾರ ತಗೋ. ಚಾಸಿಯ ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಹಿಡಿ, ಆಮೇಲೆ ಬಲದಿಂದ ಎಡಕ್ಕೆ ಹಿಡಿ. ಎರಡೂ ಸಮ ಬಂದರೆ..."

ಅವನು ನಕ್ಕ. "ನೀವೇ ಬ್ಯಾಡ ಅಂದ್ಮೇಕೆ ದಾರ ಯಾಕಣ್ಣ? ಸುಮ್ನೆ ಡೀಸೆಲ್ ದಂಡ, ಬುಡಿ," ಎಂದು ಇಟ್ಟುಬಿಟ್ಟ.

ಅವನ ನಂಬರು ಫೋನಿನಲ್ಲೇ ಇತ್ತು. ನಾನು ತಿರುಗಿ ಮಾಡಲಿಲ್ಲ.