ಮಗಳ ನಿಘಂಟಿನಲ್ಲಿ ದೊಡ್ಡಮ್ಮ

ನನ್ನ ಹದಿನಾಲ್ಕು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂರು ವರ್ಷದ ಹಿಂದೆ ನಾರ್ತ್ ಸಿಡ್ನಿಯಲ್ಲಿ, ಅಕ್ಕನ ಮನೆಯ ಊಟದಲ್ಲಿ, ಹತ್ತು ಜನರೆದುರು ಅಕ್ಕ ಕೇಳಿದಳು, "ಮಗೂಗೆ ಒಂದು ಭಾಷೆ ಕಲಿಸಕ್ಕಾಗಲ್ಲ, ನೀನೆಂಥಾ ತಾಯಿನೇ?" ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಬಂದೆ. ಅವಳ ನಂಬರನ್ನೂ ಅಳಿಸಿ ಹಾಕಿದೆ. ಅದರಿಂದ ಸಮಾಧಾನವಾಯಿತೇ ಎಂದರೆ, ಎಲ್ಲಿ ಬಂತು!

ಈಗ ನೋಡಿ, ಅಮ್ಮನ ಭಾಷೆ ಆಡಲಾರದ ಈ ಮಹಾತಾಯಿ ತಾನೇ ಹೊಸ ಭಾಷೆಯೊಂದನ್ನು ಕಟ್ಟಿದ್ದಾಳೆ. ಪಾಯಿಂಟ್ ಕುಕ್‌ನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಅದರ ನಿಘಂಟು ಬಿದ್ದಿರುತ್ತದೆ. ನೆಂಟರಿಗೇ ನಾಲ್ಕು ಪುಟ, ಪ್ರತಿ ಪದದ ಪಕ್ಕದಲ್ಲಿ ಅದರ ಮೂಲ. ಮೊನ್ನೆ ಶನಿವಾರ ಮಧ್ಯಾಹ್ನ ತೆರೆದು ನೋಡಿದೆ. ಅಪ್ಪ ಎಂದರೆ 'ಸೋವಿ', ಮೂಲ: ಫ್ರೀವೇ. ಡಾಕ್‌ಲ್ಯಾಂಡ್ಸ್ ಆಫೀಸಿಗೆ ಹೋಗಿ ಬರುವುದರಲ್ಲೇ ಆಯುಷ್ಯ ಸವೆಸುವ ನನ್ನ ಗಂಡ ಅದನ್ನು ಹೊಗಳಿಕೆ ಎಂದುಕೊಂಡಿದ್ದಾರೆ, ಪಾಪ. ಅಂಕಲ್, ಆಂಟಿಗಳೆಲ್ಲ ಸೇರಿ ಒಂದೇ ಪದ, 'ಲಿಝು'. ಮೂಲ: ಬಾಗಿಲಲ್ಲಿ ಬಿಟ್ಟ ಶೂ. ಅಮ್ಮ, 'ಯಾಹ'. ಮೂಲ: ಮೆಟ್ಟಿಲ ಕೆಳಗಿನಿಂದ ಬರುವ ಕೂಗು. ಒಂಬತ್ತು ತಿಂಗಳು ಹೊತ್ತಿದ್ದಕ್ಕೆ ಸಿಕ್ಕ ಬಿರುದು!

ಪುಟ ತಿರುಗಿಸಿದೆ. ದೊಡ್ಡಮ್ಮ, 'ನೀಲೋ'. ಮೂಲ: ಅಮ್ಮ ಊಟ ಮಾಡಿದಳೇ ಎಂದು ಕೇಳುವವಳು.

"ಇದೆಲ್ಲಿಂದ ಬಂತೇ?"

"ಶೀ ಆಸ್ಕ್ಸ್ ಮೀ ಎವ್ರಿ ಸಂಡೇ," ಎಂದಳು ಎದುರಿಗೆ ಕೂತಿದ್ದ ಮಗಳು, ತಲೆ ಎತ್ತದೆ.

ಯಾವ ಯಾವ ನೆಂಟರಿಗೆ ಪದ ಬೇಕೆಂದು ತಿಳಿಯಲು ಅಕ್ಕನಿಗೇ ಫೋನ್ ಮಾಡುತ್ತಾಳಂತೆ, ಒಂದು ವರ್ಷದಿಂದ. ಓರಗಿತ್ತಿ, ಷಡ್ಡಕ, ಬೀಗರು, ಎಲ್ಲ ಅಕ್ಕನ ಪಾಠ. ನನ್ನ ಬೆನ್ನ ಹಿಂದೆ, ನನ್ನದೇ ವೈಫೈನಲ್ಲಿ! ಫೋನ್ ಎತ್ತಿದೊಡನೆ ಅಕ್ಕನ ಮೊದಲ ಮಾತು, "ನಿಮ್ಮಮ್ಮ ಊಟ ಮಾಡಿದ್ಲಾ?"

"ನೀನೇನಂತೀಯ?"

"ಐ ಸೇ ಯೆಸ್. ನೆಕ್ಸ್ಟ್ ವೀಕ್ ಶೀ ಆಸ್ಕ್ಸ್ ಅಗೇನ್."

ನಾನು ಬಿಟ್ಟುಬಂದ ಆ ತಟ್ಟೆಯನ್ನು ಮೂರು ವರ್ಷದಿಂದ ಎತ್ತಿಡದೆ ಕೂತಿದ್ದಾಳಲ್ಲ, ಹಟಮಾರಿ! ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಈರುಳ್ಳಿ ಹೆಚ್ಚುತ್ತಿರಲಿಲ್ಲವಾದ್ದರಿಂದ ನೆಪ ಹೇಳಲೂ ಆಗಲಿಲ್ಲ.

"ಆ ನಂಬರ್ ಕೊಡು," ಎಂದೆ.

"ವಿಚ್ ನಂಬರ್?"

ಅಕ್ಕ ಎಂದು ಮೂರು ವರ್ಷದಿಂದ ಅಂದಿರಲಿಲ್ಲ, ಆಗಲೂ ನಾಲಿಗೆ ಹೊರಳಲಿಲ್ಲ. ನಿಘಂಟಿನ ಪುಟದ ಮೇಲೆ ಬೆರಳಿಟ್ಟೆ.

"ನೀಲೋದು," ಎಂದೆ.

ಗಂಟೆ ಎರಡಾಗಿತ್ತು. ನಾನಿನ್ನೂ ಊಟ ಮಾಡಿರಲಿಲ್ಲ. ಕೇಳಿದರೆ ಹಾಗೆಯೇ ಹೇಳಬೇಕೆಂದುಕೊಂಡೆ.